ಬೂದಿಯ ಲೆಕ್ಕದಲ್ಲಿ ಆರು ಜನ

ತಕ್ಕಡಿ ರಿಪೇರಿಯವನ ಮನೆಯಲ್ಲಿದ್ದವರು ಐದು ಜನ. ನಾಯಿಯ ಪ್ರಕಾರ ಆರು. ಈ ಒಂದರ ವ್ಯತ್ಯಾಸದಿಂದ ಆ ಮನೆಗೆ ಏನೇನಾಯಿತು ಎಂಬುದನ್ನು ಹೇಳುವ ಮೊದಲು ನಾಯಿಯ ಕುಲವನ್ನು ಹೇಳುವುದು ನ್ಯಾಯ. ಏಕೆಂದರೆ ತಪ್ಪು ಅದರದಲ್ಲ.

ಅದು ಬಳಸುನಾಯಿ. ಕುರಿಯ ಹಿಂದೆ ಬಿದ್ದು ಓಡಿಸದೆ, ಮಂದೆಯನ್ನು ಬಳಸಿ ಬಳಸಿ ಒಂದು ಹಿಡಿಯಷ್ಟು ಮಾಡುವುದರಿಂದ ಆ ಹೆಸರು. ಅದರ ಮೂಲ ಬೆಟ್ಟದ ಮೇಲೆ, ವರ್ಷದ ಹೆಚ್ಚು ಭಾಗ ಮಂಜು ಕವಿದಿರುವ ಹುಲ್ಲುಗಾವಲಿನಲ್ಲಿ. ತನ್ನ ಕೋಲಿನ ತುದಿಯೇ ತನಗೆ ಕಾಣದ ಕುರಿಗಾಹಿ ಕುರಿಗಳನ್ನು ಎಣಿಸುವುದು ಹೇಗೆ? ಆ ಕೆಲಸವನ್ನು ಅವನು ನಾಯಿಗೆ ಬಿಟ್ಟ. ಹುಟ್ಟಿದ ಮರಿಗಳಲ್ಲಿ ಕಚ್ಚುವುದನ್ನು ಕಾವಲಿನವರಿಗೆ ಕೊಟ್ಟ, ಓಡುವುದನ್ನು ಬೇಟೆಯವರಿಗೆ ಕೊಟ್ಟ, ಸಂಜೆ ಮಂದೆಯಲ್ಲಿ ಒಂದು ತಲೆ ಕಡಿಮೆಯಾದರೆ ಊಟ ಮುಟ್ಟದ ಮರಿಯನ್ನು ಮಾತ್ರ ತನಗೆ ಇಟ್ಟುಕೊಂಡ. ಅವನ ಮಗನೂ ಹಾಗೆಯೇ ಮಾಡಿದ, ಮೊಮ್ಮಗನೂ ಹಾಗೆಯೇ ಮಾಡಿದ. ಹೀಗೆ ಕಳೆದು ಕಳೆದು ಉಳಿದ ಶೇಷವೇ ಈ ತಳಿ. ಅದು ಬೊಗಳುವುದು ಅಪರೂಪ, ಕಚ್ಚುವುದು ಇಲ್ಲವೇ ಇಲ್ಲ. ನೋಡುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಮೇಷ್ಟರು ಬೆನ್ನ ಹಿಂದೆ ಬಂದು ನಿಂತಾಗ ಹುಡುಗನಿಗೆ ಏನಾಗುತ್ತದೋ, ಆ ನೋಟದ ಎದುರು ಕುರಿಗೂ ಅದೇ ಆಗುತ್ತದೆ. ಮನುಷ್ಯನಿಗೂ ಅದೇ ಆಗುತ್ತದೆ ಎಂಬುದು ಆಮೇಲೆ ತಿಳಿಯಿತು.

ತಕ್ಕಡಿಯವನ ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯ ಗೋಡೆಯ ತುಂಬ ದಂಡಗಳು, ಕೊಕ್ಕೆಗಳು, ಹಿತ್ತಾಳೆಯ ತಟ್ಟೆಗಳು. ಮೇಜಿನ ಮೇಲೆ ಮಖಮಲ್ಲಿನ ಪೆಟ್ಟಿಗೆಯಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಕೂತ ತೂಕದ ಬಟ್ಟುಗಳು. ಮುಳ್ಳು ನಡುಗೆರೆಯಿಂದ ಕೂದಲೆಳೆಯಷ್ಟು ಆಚೆ ನಿಂತರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಒಂದು ವಿಷಯದಲ್ಲಿ ಅವನೂ ನಾಯಿಯೂ ಒಂದೇ ತಳಿ. ಮನೆಯಲ್ಲಿ ಅವನ ತಾಯಿ, ಹೆಂಡತಿ, ಮಗಳು, ಮತ್ತು ಹೆಂಡತಿಯ ತಮ್ಮ. ಈ ತಮ್ಮ ಹಲ್ಲುನೋವು ತೋರಿಸಿಕೊಂಡು ಹೋಗಲೆಂದು ಬಂದವನು. ಹಲ್ಲು ಹೋಗಿತ್ತು, ಅವನು ಹೋಗಿರಲಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಅವನ ಅಕ್ಕನೇ ಹೇಳುತ್ತಿದ್ದಳು. ನಾಯಿ ಬಂದ ಮೇಲೆ ಅವನು ಲೆಕ್ಕಕ್ಕೂ ಬಂದ.

ನಾಯಿ ಬಂದದ್ದು ಒಬ್ಬ ಕುರಿಗಾಹಿಯಿಂದ. ಉಣ್ಣೆ ತೂಗುವ ಆಳೆತ್ತರದ ತಕ್ಕಡಿಯನ್ನು ಗಾಡಿಯಲ್ಲಿ ಹಾಕಿಕೊಂಡು ಅವನು ಬೆಟ್ಟ ಇಳಿದಿದ್ದ. ತಕ್ಕಡಿಯವ ಅದರ ಮುಳ್ಳನ್ನು ನೆಟ್ಟಗೆ ಮಾಡಿ ಕೊಟ್ಟಾಗ ಕುರಿಗಾಹಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತು, ಆಮೇಲೆ ಅಂಗಿಯೊಳಗಿಂದ ಬೂದುಬಣ್ಣದ ಒಂದು ಹೆಣ್ಣುಮರಿಯನ್ನು ತೆಗೆದು ಮಗಳ ಕೈಗೆ ಕೊಟ್ಟ. ಬೂದಿ ಎಂದು ಅವಳು ಅಲ್ಲೇ ಹೆಸರಿಟ್ಟಳು. ಇದಕ್ಕೆ ಒಂದು ಸಲ ಲೆಕ್ಕ ಕೊಡಬೇಕು, ಎಂದ ಕುರಿಗಾಹಿ. ಮರಿ ಬಾಗಿಲ ಪಕ್ಕದಲ್ಲಿ ಕೂರುತ್ತದೆ. ಮನೆಯವರು ಒಬ್ಬೊಬ್ಬರಾಗಿ ಅದರ ಮುಂದೆ ಹೊಸ್ತಿಲು ದಾಟಿ ಒಳಗೆ ಬರಬೇಕು. ದಾಟಿದವರು ಎಷ್ಟೋ ಅಷ್ಟೇ ಅದರ ಮಂದೆ, ಸಾಯುವ ತನಕ. ಯಾರು ಎನ್ನುವುದು ಅದಕ್ಕೆ ಬೇಡ, ಎಷ್ಟು ಎನ್ನುವುದು ಸಾಕು. ಇಷ್ಟು ಹೇಳಿ, ಅವರು ದಾಟುತ್ತಿರುವಾಗಲೇ ಅವನು ಗಾಡಿಗೆ ತಕ್ಕಡಿ ಕಟ್ಟಲು ಹೊರಟುಹೋದ.

ಮರಿ ಬೆಳೆಯಿತು. ಕತ್ತಲಾಗುವ ಹೊತ್ತಿಗೆ ಅದು ಐದೂ ಜನರನ್ನು ಊಟದ ಕೋಣೆಗೆ ಕೂಡಿಹಾಕತೊಡಗಿತು. ತಕ್ಕಡಿಯವನನ್ನು ಅಂಗಡಿಯಿಂದ ಮೆಟ್ಟಿಲು ಹತ್ತಿಸಿ, ಹೆಂಡತಿಯನ್ನು ಒಲೆಯಿಂದ, ಭಾವಮೈದುನನನ್ನು ಹಾಸಿಗೆಯಿಂದ ಎಬ್ಬಿಸಿ, ಹಿಮ್ಮಡಿಗೆ ಮೂಗು ತಾಗಿಸಿ ತಂದು, ಮೂಲೆಯಲ್ಲಿ ಕೂತು ಒಂದು ಸುತ್ತು ನೋಡುತ್ತಿತ್ತು. ಮತ್ತೊಂದು ಸುತ್ತು ನೋಡುತ್ತಿತ್ತು. ಆಮೇಲೆ ಎದ್ದು ಬೀದಿಗೆ ಹೋಗಿ ಒಬ್ಬ ಅಪರಿಚಿತನನ್ನು ಕರೆತರುತ್ತಿತ್ತು. ಅಪರಿಚಿತ ಕೂತ ಮೇಲೆಯೇ ಅದು ಊಟ ಮಾಡುತ್ತಿತ್ತು. ಮಾಡಿದ ಮೇಲೆ ಮಲಗುತ್ತಿತ್ತು, ಅಪರಿಚಿತ ಎದ್ದು ಹೋಗಬಹುದಿತ್ತು. ಯಾರೂ ಸಿಗದ ದಿನ ತಟ್ಟೆಯನ್ನು ಮೂಸಿಯೂ ನೋಡುತ್ತಿರಲಿಲ್ಲ.

ತಕ್ಕಡಿಯವನಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ಸಂಜೆ, ಕೊಡೆ ಮಾರುವವನೊಬ್ಬ ಆರನೆಯವನಾಗಿ ಕೂತು ಸಂಕೋಚದಿಂದ ಉಣ್ಣುತ್ತಿರುವಾಗ, ತಕ್ಕಡಿಯವ ಲೆಕ್ಕ ತೆಗೆದ.

"ಅವತ್ತು ದಾಟಿದವರು ಐದು. ಇವತ್ತು ಇರೋರು ಐದು. ಇದಕ್ಕೆ ಆರು ಎಲ್ಲಿಂದ ಬಂತು?"

ಅಜ್ಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಾನು ಎರಡು ಸಲ ಬಂದೆ," ಎಂದಳು.

ಎಲ್ಲರೂ ಅವಳನ್ನು ನೋಡಿದರು. ಕೊಡೆಯವನೂ ನೋಡಿದ.

"ಏನು ನೋಡ್ತೀರಿ? ಸೊಸೆ ಹಿಂದೆ ಬಂದದ್ದೇ ಲೆಕ್ಕಕ್ಕೆ ಉಳೀಲಿ ಅಂತ ಬಿಡಬೇಕಿತ್ತಾ?"

ವಿಷಯ ಹೀಗಿತ್ತು. ಆ ದಿನ ಮೊಣಕಾಲು ನೋವಿನಿಂದ ಅಜ್ಜಿ ನಿಧಾನಿಸಿದಾಗ ಸೊಸೆ ಮುಂದಾಗಿ ಹೊಸ್ತಿಲು ದಾಟಿದ್ದಳು. ಹಿಂದಿನಿಂದ ಸೊಸೆಯ ತಮ್ಮ, "ಏನಮ್ಮಾ, ಸೊಸೆ ಸೆರಗು ಹಿಡ್ಕೊಂಡು ಬಂದ್ರಾ?" ಎಂದು ಕೆಣಕಿದ್ದ. ಅಜ್ಜಿ ಅಂಗಡಿಯ ಹಿಂಬಾಗಿಲಿನಿಂದ ಓಣಿಗೆ ಇಳಿದು, ಸುತ್ತು ಹಾಕಿ, ಮುಂಬಾಗಿಲಿನಿಂದ ಒಬ್ಬಳೇ, ಹಿಂದೆ ಮುಂದೆ ಯಾರೂ ಇಲ್ಲದಂತೆ, ಹಿರಿಯಳಿಗೆ ತಕ್ಕ ಗತ್ತಿನಲ್ಲಿ ಮತ್ತೊಮ್ಮೆ ಬಂದಿದ್ದಳು. ಮೊದಲ ಬರವು ಇದರಿಂದ ರದ್ದಾಯಿತು ಎಂಬುದು ಅವಳ ತಿಳಿವಳಿಕೆ. ರದ್ದು ಮಾಡುವ ವಿಧಾನ ನಾಯಿಗೆ ತಿಳಿದಿರಲಿಲ್ಲ; ಅದು ಕೂಡಿತು.

"ಅಂದ್ರೆ ಭಾವ, ಅಮ್ಮ ಒಬ್ಬರೇ ಇಬ್ಬರಿಗೆ ಸಮ ಅಂತ ನಾಯಿಗೆ ಅವತ್ತೇ ಗೊತ್ತಾಗಿದೆ," ಎಂದ ಭಾವಮೈದುನ.

"ನನಗೆ ಮದುವೆಯಾದ ದಿನವೇ ಗೊತ್ತಾಗಿತ್ತು," ಎಂದಳು ಅವನ ಅಕ್ಕ, ಕೊಡೆಯವನಿಗೆ ಬಡಿಸುತ್ತ.

ಅಜ್ಜಿಯನ್ನು ಮೊದಲು ಈ ತುದಿಯಲ್ಲಿ, ಆಮೇಲೆ ಆ ತುದಿಯಲ್ಲಿ ಕೂರಿಸಿ ನೋಡಿದರು. ನಾಯಿ ಅವಳನ್ನು ಒಂದೇ ಎಂದು ಎಣಿಸಿತು. ಅಜ್ಜಿಗೆ ಅದು ಅವಮಾನವೆನಿಸಿತು. ಕೊನೆಗೆ ತಕ್ಕಡಿಯವ ತನ್ನ ಕಸುಬಿನ ನಿಯಮವನ್ನೇ ಅನ್ವಯಿಸಿದ: ಒಂದು ತಟ್ಟೆಗೆ ಬಟ್ಟು ಹೆಚ್ಚಾಗಿ ಬಿದ್ದು ತೆಗೆಯಲಾಗದಿದ್ದರೆ, ಇನ್ನೊಂದು ತಟ್ಟೆಗೂ ಅಷ್ಟೇ ಹಾಕಬೇಕು. ಊಟದ ಮೇಜಿಗೆ ಆರನೆಯ ಕುರ್ಚಿ ಬಂತು. ಅದರಲ್ಲಿ ಕೂತವರನ್ನೆಲ್ಲ ಹೇಳುವುದು ಸಾಧ್ಯವಿಲ್ಲ. ತೆರಿಗೆ ಕಚೇರಿಯ ಒಬ್ಬ ಪರಿಶೀಲಕ ಕೂತಿದ್ದ. ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದ ಗಿರಾಕಿಯನ್ನು ಬಿಟ್ಟು, ಕತ್ತಿ ಕೈಯಲ್ಲೇ ಹಿಡಿದ ಕ್ಷೌರಿಕನೊಬ್ಬ ಕೂತಿದ್ದ. ಒಬ್ಬ ಹೆಂಗಸು ಯಾರ ಮನೆ ಎಂದು ಕೊನೆಯವರೆಗೂ ಕೇಳದೆ ಉಂಡು, ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿ ಹೋದಳು. ನಾಯಿ ಆರಿಸುತ್ತಿದ್ದದ್ದು ಬೀದಿಯಲ್ಲಿ ಒಂಟಿಯಾಗಿ, ಯಾವ ಮಂದೆಗೂ ಸೇರದವರಂತೆ ನಡೆಯುವವರನ್ನು. ಅಂಥವರು ಎಷ್ಟು ಜನರಿದ್ದಾರೆ ಎಂಬುದು ಆ ಮನೆಗೆ ಅದರಿಂದಲೇ ತಿಳಿಯಿತು.

ನಾಯಿಯ ಆರೈಕೆಯೆಲ್ಲ ಮಗಳದು. ಬಳಸುನಾಯಿಯ ಮೈಗೆ ಎರಡು ಪದರ: ಮೇಲಿನದು ಒರಟು, ನೀರು ನಿಲ್ಲದು, ಒಳಗಿನದು ಹತ್ತಿಯಂತೆ. ಮೊದಲು ಅಗಲ ಹಲ್ಲಿನ ಹಣಿಗೆ, ಆಮೇಲೆ ಸಣ್ಣ ಹಲ್ಲಿನದು. ಬಿಟ್ಟರೆ ಒಳಕೂದಲು ಕಂಬಳಿಯಂತೆ ಗಂಟು ಕಟ್ಟುತ್ತದೆ. ಪದೇ ಪದೇ ಸ್ನಾನ ಮಾಡಿಸಬಾರದು, ಮೈಯ ಜಿಡ್ಡು ಹೋಗುತ್ತದೆ. ಕ್ಷೌರಿಕ ಬಂದ ಸಂಜೆ, ಸೆಕೆಗಾಲ ತಾನೆ, ಬೋಳಿಸಿಬಿಡೋಣ ಎಂದಿದ್ದ. ಆ ಕೂದಲು ಚಳಿಯನ್ನು ತಡೆಯುವಂತೆ ಬಿಸಿಲನ್ನೂ ತಡೆಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ ಎಂದು ಅವಳು ತಿಳಿಹೇಳಿದಳು. ಕಿವಿಯ ಹಿಂದೆ, ಬಾಲದ ಬುಡದಲ್ಲಿ, ಕಾಲ್ಬೆರಳುಗಳ ನಡುವೆ ಅವಳ ಕೈಗೆ ಮಾತ್ರ ಪ್ರವೇಶ. ಮಹಡಿಯ ಮೇಲೆ ಬಾಚಿದ ಕೂದಲು ಹಾರಿ ಅಂಗಡಿಗೆ ಇಳಿದು, ಔಷಧಿಯವರ ಸಣ್ಣ ತಕ್ಕಡಿಯೊಂದು ಅದರ ಎಳೆಯನ್ನೂ ತೂಗಿ ಸುಳ್ಳು ಹೇಳಿದಾಗ ಅಪ್ಪ ಬೈದ. ಅವಳು ಬೈಸಿಕೊಂಡು ಬಾಚುವುದನ್ನು ಮುಂದುವರಿಸಿದಳು. ಬೆಳಗ್ಗೆ ಅದಕ್ಕೆ ಕೆಲಸವಿಲ್ಲದೆ ಬುದ್ಧಿ ಕೆಡಬಾರದೆಂದು ತೂಕದ ಬಟ್ಟುಗಳನ್ನು ನೆಲದ ಮೇಲೆ ಚೆಲ್ಲುತ್ತಿದ್ದಳು. ನಾಯಿ ಅವುಗಳನ್ನು ಮೂಗಿನಿಂದ ತಳ್ಳಿ ಒಂದೆಡೆ ಕೂಡಿಸುತ್ತಿತ್ತು.

ಒಂದು ಸಂಜೆ ನಾಯಿ ಸೇತುವೆಯವನನ್ನು ತಂದಿತು. ನದಿಯ ಮೇಲೆ ಕಬ್ಬಿಣದ ಎರಡು ಸೇತುವೆಗಳಿದ್ದವು. ದೋಣಿ ಬಂದಾಗ ಅವು ನಡುವೆ ಸೀಳಿ ಮೇಲೆದ್ದು ದಾರಿ ಬಿಡುತ್ತವೆ. ಸಣ್ಣ ಸೇತುವೆಯಲ್ಲಿ ಅವನು ಸಹಾಯಕ. ಕತ್ತಲಾಗುವಾಗ ಅವನಿಗೆ ಊಟದ ಬಿಡುವು. ಮಾತು ಕಡಿಮೆ, ಅಂಗೈ ಗಟ್ಟಿ. ಮರುದಿನ ನಾಯಿ ಹೋಗುವ ಮೊದಲೇ ಅವನು ತಾನಾಗಿ ಬಾಗಿಲಲ್ಲಿ ನಿಂತಿದ್ದ. ಅದರ ಮರುದಿನವೂ. ನಾಯಿ ಬೀದಿಗೆ ಇಳಿಯುವುದನ್ನೇ ಬಿಟ್ಟಿತು. ಒಂದು ವರ್ಷ ಹೀಗೆ ಉಂಡ ಮೇಲೆ ಅವನು ಕೈ ತೊಳೆದು ಬಂದು, ಮಗಳನ್ನು ಮದುವೆಯಾಗಲು ಕೇಳಿದ. ಮಗಳನ್ನು ಅವನು ಮೊದಲೇ ಕೇಳಿದ್ದ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಊಟ ಬಡಿಸುವುದು ಹೇಗೂ ತಪ್ಪಿದ್ದಲ್ಲ, ಅಳಿಯನಿಗೇ ಬಡಿಸಿದಂತಾಗುತ್ತದೆ ಎಂದು ತಾಯಿ ಒಪ್ಪಿದಳು.

ತೊಡಕು ಅಲ್ಲಿಂದ ಆರಂಭವಾಯಿತು. ಅವನಿಗೆ ದೊಡ್ಡ ಸೇತುವೆಗೆ ಬಡ್ತಿ ಬಂದಿತ್ತು. ಅದಕ್ಕೆ ಎರಡು ದಡದಲ್ಲಿ ಎರಡು ಚಕ್ರ. ಎರಡನ್ನೂ ಸಮವಾಗಿ ತಿರುಗಿಸದಿದ್ದರೆ ಸೇತುವೆ ಸೊಟ್ಟಗಾಗುತ್ತದೆ. ಆದ್ದರಿಂದ ಆ ಕೆಲಸವನ್ನು ಗಂಡಹೆಂಡಿರಿಗೇ ಕೊಡುವುದು ಪದ್ಧತಿ. ಚಕ್ರದ ಕೆಳಗೊಂದು ವಾಸದ ಕೋಣೆ. ದೋಣಿಗಳು ಅಲ್ಲಿ ಬರುವುದು ಸೂರ್ಯ ಮುಳುಗಿದ ಮೇಲೆ. ಮುಳುಗಿದಾಗಿನಿಂದ ಮೂಡುವವರೆಗೆ ಇಬ್ಬರೂ ಸೇತುವೆ ಬಿಟ್ಟು ಕದಲುವಂತಿಲ್ಲ. ಸಮತೂಕದ ಈ ಏರ್ಪಾಡು ತಕ್ಕಡಿಯವನ ಮನಸ್ಸಿಗೆ ಬಹಳ ಒಪ್ಪಿತು. ಒಪ್ಪಿದ ಮೇಲೆ, ಆರರಲ್ಲಿ ಎರಡು ಹೋದರೆ ನಾಲ್ಕು ಎಂಬುದು ಹೊಳೆಯಿತು.

ಭಾವಮೈದುನ ಅಳಿಯನನ್ನು ಮನೆ ಅಳಿಯ ಮಾಡಿಕೊಳ್ಳಿ ಎಂದ. ಸೇತುವೆಯನ್ನು ಏನು ಮಾಡುವುದು ಎಂದು ಅಕ್ಕ ಕೇಳಿದಾಗ, ಅದನ್ನೂ ಹಿತ್ತಿಲಲ್ಲಿ ಇಟ್ಟುಕೊಳ್ಳಬಹುದು ಎಂದ. ಸಂಜೆಗೆ ಇಬ್ಬರು ಬಾಡಿಗೆಯವರನ್ನು ಇಡೋಣ ಎಂಬ ಮಾತೂ ಬಂತು. ದಿನವೂ ಕತ್ತಲಾಗುವ ಹೊತ್ತಿಗೆ ಬೇರೆಯವರ ಮನೆಯಲ್ಲಿ ತಪ್ಪದೆ ಉಣ್ಣಲು ಕೂರುವವನು ಜಗತ್ತಿನಲ್ಲಿ ಒಬ್ಬನೇ, ಅವನು ಆಗಲೇ ನಮ್ಮಲ್ಲಿದ್ದಾನೆ, ಎಂದು ಅಕ್ಕ ತಮ್ಮನ ಕಡೆ ನೋಡಿ ಆ ಮಾತನ್ನೂ ಮುಗಿಸಿದಳು.

ಆಗಬಹುದಾದದ್ದು ಏನೆಂದು ನಾಯಿ ತಾನೇ ತೋರಿಸಿತು. ಚಕ್ರ ತಿರುಗಿಸುವುದನ್ನು ಕಲಿಯಲೆಂದು ಮಗಳು ಒಂದು ಸಂಜೆ ದೊಡ್ಡ ಸೇತುವೆಗೆ ಹೋದಳು. ಅವನೂ ಅಲ್ಲೇ ಉಳಿದ. ಒಬ್ಬರು ಕಡಿಮೆಯಾದರೆ ಒಬ್ಬರನ್ನು ತರಬಹುದು. ಇಬ್ಬರು ಕಡಿಮೆಯಾದರೆ, ಎರಡನೆಯವರನ್ನು ತರುವಷ್ಟರಲ್ಲಿ ಮೊದಲನೆಯವರು ಎದ್ದು ಹೋಗಿರುತ್ತಾರೆ. ಅಂಥಲ್ಲಿ ಕಳೆದವರಿರುವ ಕಡೆಗೆ ಮಂದೆಯನ್ನೇ ಒಯ್ಯುವುದು ಈ ತಳಿಯ ರೀತಿ. ಬೂದಿ ನಾಲ್ವರನ್ನೂ ಎಬ್ಬಿಸಿತು. ತಕ್ಕಡಿಯವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಹೆಂಡತಿಯ ಕೈಯಲ್ಲಿ ಸೌಟು. ಭಾವಮೈದುನ ಒಂದೇ ಚಪ್ಪಲಿಯಲ್ಲಿದ್ದ. ಅಜ್ಜಿ ಎಲ್ಲರಿಗಿಂತ ಮುಂದಿದ್ದಳು. ಅವರನ್ನು ಒತ್ತಾಗಿ, ಚೌಕವಾಗಿ ನಡೆಸಿಕೊಂಡು ನಾಯಿ ಊರಿನ ಆ ತುದಿಗೆ ಹೋಯಿತು. ದಾರಿಯಲ್ಲಿ ಪರಿಚಯದವರು ಎಲ್ಲಿಗೆ ಎಂದು ಕೇಳಿದರು. ತಿರುಗಾಡೋಕೆ ಎಂದು ತಕ್ಕಡಿಯವ ಹೇಳಿದ. ನಿಲ್ಲುವಂತಿರಲಿಲ್ಲ.

ಸೇತುವೆಯ ನಟ್ಟನಡುವೆ ಅದು ಆರೂ ಜನರನ್ನು ಸೇರಿಸಿ ಕೂರಿಸಿತು. ಆ ಕಡೆಯ ಚಕ್ರ ಆ ಕಡೆ, ಈ ಕಡೆಯದು ಈ ಕಡೆ, ತಿರುಗಿಸುವವರಿಬ್ಬರೂ ಮಧ್ಯದಲ್ಲಿ. ಕೆಳಗೆ ದೋಣಿಗಳು ಸಾಲುಗಟ್ಟಿ ನಿಂತವು. ದೋಣಿಯವರು ಮೊದಲು ಗಂಟೆ ಬಾರಿಸಿದರು, ಆಮೇಲೆ ಬೈದರು, ಆಮೇಲೆ ಒಬ್ಬ ಏಣಿ ಹಾಕಿ ಮೇಲೆ ಬಂದು ವಿಚಾರಿಸಿದ. ನಾಯಿ ಅವನನ್ನು ನೋಡಿತು. ಅವನು ಏಣಿ ಇಳಿದು ಹೋದ. ಆ ಹೊತ್ತು ಬೂದಿಯಷ್ಟು ನೆಮ್ಮದಿಯಾಗಿದ್ದ ಜೀವ ನದಿಯ ಎರಡೂ ದಡದಲ್ಲಿ ಇರಲಿಲ್ಲ. ಸೇತುವೆಯ ಮೇಲಧಿಕಾರಿಗಳಿಂದ ಮರುದಿನವೇ ಮಾತು ಬಂತು: ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆ ದಂಪತಿಗೆ.

ಆ ಸಂಜೆಯಿಂದ ಮಗಳು ಚಕ್ರಕ್ಕೆ ಹೋದಾಗಲೆಲ್ಲ ನಾಯಿಯನ್ನು ಅಂಗಡಿಯಲ್ಲಿ ಕೂಡಿಹಾಕಿದರು. ಅದು ಬಾಗಿಲನ್ನು ಕೆರೆಯಲಿಲ್ಲ, ಕೂಗಲಿಲ್ಲ. ಊಟವನ್ನು ಬಿಟ್ಟಿತು. ಆಮೇಲೆ ನೀರನ್ನೂ ಬಿಟ್ಟಿತು. ಮಗಳು ಬಂದು ಪಕ್ಕದಲ್ಲಿ ಕೂತರೂ, ಅವಳನ್ನು ದಾಟಿ ಬಾಗಿಲನ್ನು ನೋಡುತ್ತಿತ್ತು. ಅಪ್ಪನೂ ಮಗಳೂ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಬೆಟ್ಟ ಹತ್ತಿದರು.

ಕುರಿಗಾಹಿ ಕಲ್ಲುದೊಡ್ಡಿಯ ಕಿಂಡಿಯ ಬಳಿ ಕೂ‌ತು ಒಂದು ಕುರಿಯ ಗೊರಸು ಕೆತ್ತುತ್ತಿದ್ದ. ಎಲ್ಲ ಕೇಳಿದ. ಅಜ್ಜಿಯ ವಿಷಯ ಬಂದಾಗ ಕತ್ತಿಯನ್ನು ಕೆಳಗಿಟ್ಟು, ಒಬ್ಬರಿಗೆ ಒಂದೇ ಸಲ ಎಂದು ಹೇಳಬೇಕಾಗಿತ್ತೇನೋ, ಕುರಿಗಳಿಗೆ ಹೇಳಿ ಅಭ್ಯಾಸವಿಲ್ಲ, ಎಂದ. ನಾಯಿಯನ್ನು ತಾನು ಹಿಂದಕ್ಕೆ ಇಟ್ಟುಕೊಳ್ಳಬಹುದು. ಆದರೆ ಅದು ಆರು ಜನರಿಗಾಗಿ ಕಣಿವೆಯನ್ನೇ ನೋಡುತ್ತ ಕೂತು ಸತ್ತುಹೋಗುತ್ತದೆ, ಅಂಥದ್ದನ್ನು ಕಂಡಿದ್ದೇನೆ, ಎಂದ. ಉಳಿದದ್ದು ಒಂದೇ. ಕುರಿ ಮಾರಿದಾಗ ಬೆಟ್ಟದವರು ಅದನ್ನು ಕಿಂಡಿಯಿಂದ ಹಿಂದುಹಿಂದಾಗಿ, ಮುಖ ನಾಯಿಯ ಕಡೆ ಇರುವಂತೆ, ದೂಡಿಕೊಂಡು ಹೊರಗೆ ಕಳಿಸುತ್ತಾರೆ. ಆಗ ನಾಯಿ ಅದನ್ನು ಲೆಕ್ಕದಿಂದ ಬಿಡುತ್ತದೆ.

"ಆರರಲ್ಲಿ ಎರಡು ಕಳೆದರೆ ನಾಲ್ಕು. ಸರಿಹೋಯ್ತಲ್ಲ," ಎಂದ ತಕ್ಕಡಿಯವ.

"ಸರಿಹೋಗುತ್ತೆ. ಆದ್ರೆ ಕಳೆದದ್ದನ್ನ ಮತ್ತೆ ಕೂಡೋಕಾಗಲ್ಲ."

"ಅದು ಹೇಗೆ? ಕಳೆಯೋಕೆ ಬಂದ್ರೆ ಕೂಡೋಕೂ ಬರಬೇಕು. ಅದೇ ಲೆಕ್ಕ."

"ಇದು ಲೆಕ್ಕ ಅಲ್ಲ ಯಜಮಾನ್ರೇ. ನಾಯಿ."

ಆಮೇಲೆ ಕುರಿಗಾಹಿ ಮಗಳ ಕಡೆಗೆ ತಿರುಗಿ ಹೇಳಿದ. "ಒಳಗೆ ಬಂದೋರ ಮುಖ ಇದು ನೋಡಲ್ಲ ತಾಯಿ, ಎಷ್ಟು ಅಂತ ಮಾತ್ರ. ಹಿಂದಾಗಿ ಹೋದೋರ ಮುಖ ಮಾತ್ರ ಮರೆಯಲ್ಲ. ಇದು ನಮ್ಮದಲ್ಲ, ಬೇರೆ ಮಂದೇದು ಅಂತ ನೆನಪಿಟ್ಟುಕೊಳ್ಳುತ್ತೆ. ನೀನು ಆಮೇಲೆ ಎಷ್ಟು ಬಾಚಿದ್ರೂ, ಎಷ್ಟು ಕರೆದ್ರೂ, ಆ ಮನೆಯ ಹೊಸ್ತಿಲು ನಿನಗೆ ಬಿಡಲ್ಲ."

ತಂದೆ ಮಗಳು ನಾಯಿಯನ್ನು ಗಾಡಿಯಲ್ಲಿ ಹಾಕಿಕೊಂಡು ಹಿಂದಿರುಗಿದರು. ಮನೆಯಲ್ಲಿ ಎಲ್ಲರೂ ಮಾತಾಡಿದರು. ಒಂದು ನಾಯಿಗಾಗಿ ಹೆತ್ತ ಮಗಳು ಹೊರಗಿನವಳಾಗಬೇಕೆ, ನಾಯಿ ಹೋದರೆ ಹೋಯಿತು, ಅತ್ತು ಮರೆಯೋಣ, ಎಂದು ತಾಯಿ ಹೇಳಿದಳು. ಹೇಳುತ್ತಲೇ ನೀರಿನ ಬಟ್ಟಲನ್ನು ನಾಯಿಯ ಬಾಯಿಗೆ ಹಿಡಿದಿದ್ದಳು. ಮದುವೆಯನ್ನೇ ಮುಂದಕ್ಕೆ ಹಾಕಿ, ನಾಯಿಗೂ ವಯಸ್ಸಾಗುತ್ತದೆ, ಎಂದ ಭಾವಮೈದುನ. ತಕ್ಕಡಿಯವ ಒಂದು ತಕ್ಕಡಿಯ ಮುಳ್ಳನ್ನು ಸರಿಮಾಡುತ್ತಲೇ ಇದ್ದ; ಅದು ಮೊದಲೇ ಸರಿಯಾಗಿತ್ತು. ಸೇತುವೆಯವನು ತಾನು ಬಡ್ತಿ ಬಿಡುತ್ತೇನೆಂದ. ಬಿಟ್ಟರೆ ವಾಸಕ್ಕೆ ಕೋಣೆಯಿಲ್ಲ, ಸಹಾಯಕನಿಗೆ ಮದುವೆಗೆ ಅನುಮತಿಯೂ ಇಲ್ಲ ಎಂದು ಅವನಿಗೇ ನೆನಪು ಮಾಡಬೇಕಾಯಿತು.

ಮಗಳು ನಾಯಿಯ ಪಕ್ಕೆಯ ಮೇಲೆ ಕೈಯಿಟ್ಟು ಕೂತಿದ್ದಳು. ಪಕ್ಕೆಲುಬುಗಳು ಕೂದಲಿನ ಎರಡು ಪದರಗಳನ್ನು ದಾಟಿ ಕೈಗೆ ಸಿಗುತ್ತಿದ್ದವು.

"ಅಮ್ಮಾ, ನಾನು ಯಾರು ಅಂತ ನಿನಗೆ ಗೊತ್ತಿದೆ, ನನಗೆ ಗೊತ್ತಿದೆ," ಎಂದಳು. "ಇದಕ್ಕೆ ಯಾವತ್ತೂ ಗೊತ್ತಿರಲಿಲ್ಲ. ಆರರಲ್ಲಿ ಒಂದು ಅಂತ ಬಾಚಿಸಿಕೊಳ್ತಿತ್ತು. ನಾನು ಹಿಂದಾಗಿ ಹೋಗ್ತೀನಿ."

ಮದುವೆ ಕಚೇರಿಯಲ್ಲಿ ರುಜು ಹಾಕಿ ಎಲ್ಲರೂ ಅಂಗಡಿಗೆ ಬಂದರು. ನಾಯಿಯನ್ನು ಎತ್ತಿ ತಂದು ಬಾಗಿಲ ಪಕ್ಕದಲ್ಲಿ ಕೂರಿಸಿದರು. ಉಳಿಯುವ ನಾಲ್ವರು ಒಳಗೆ ಸಾಲಾಗಿ ನಿಂತರು. ಅಜ್ಜಿಯ ಎರಡು ತೋಳುಗಳನ್ನು ಇಬ್ಬರು ಹಿಡಿದಿದ್ದರು. ಹಿರಿಯಳಾದ ತಾನು ಇರುವಾಗ ಹೊಸಬರು ಮೊದಲು ಹೊರಡುವುದೇ ಎಂಬ ಯೋಚನೆ ಬರದಿರಲೆಂದು. ಮೊದಲು ಅಳಿಯ. ಅವನು ಹಿಂದುಹಿಂದಾಗಿ ನಡೆದು, ಹೊಸ್ತಿಲು ಎಡವಿ, ಬೀದಿಯಲ್ಲಿ ಕೂತ. ನಾಯಿ ಅವನನ್ನು ನೋಡಿತು. ಆಮೇಲೆ ಮಗಳು. ಅವಳು ಎಡವಲಿಲ್ಲ. ಆ ಅಂಗಡಿಯ ನೆಲ ಅವಳ ಹಿಮ್ಮಡಿಗೆ ಗೊತ್ತಿತ್ತು. ನಾಯಿ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಮುಖವನ್ನು ನೋಡಿತು, ಹಣೆಯಿಂದ ಗಲ್ಲದವರೆಗೆ, ಓದುವವರಂತೆ. ಅವಳು ಹೊಸ್ತಿಲು ದಾಟಿದಳು. ನಾಯಿ ಎದ್ದು, ತೂರಾಡುತ್ತ ಒಳಗೆ ತಿರುಗಿ, ನಾಲ್ವರ ಸುತ್ತ ಒಂದು ಬಳಸು ಬಳಸಿ, ತಟ್ಟೆಯ ಬಳಿಗೆ ಹೋಗಿ ಉಂಡಿತು. ಉಣ್ಣುವ ಸದ್ದು ಬೀದಿಗೂ ಕೇಳಿಸಿತು.

ಸ್ವಲ್ಪ ಕಾಲದ ನಂತರ ಒಂದು ಮಧ್ಯಾಹ್ನ ಮಗಳು ತವರಿಗೆ ಬಂದಳು. ಬೂದಿ ಬಾಗಿಲಿಗೆ ಅಡ್ಡವಾಗಿ ನಿಂತಿತು. ಅದರ ಮೈ ತುಂಬಿಕೊಂಡಿತ್ತು. ಕಿವಿಯ ಹಿಂದೆ ಗಂಟು ಕಟ್ಟಿತ್ತು, ತಾಯಿಗೆ ಅಲ್ಲಿ ಬಾಚಲು ಇನ್ನೂ ಬಿಟ್ಟಿರಲಿಲ್ಲ. ಹಲ್ಲು ತೋರಿಸಲಿಲ್ಲ, ಗುರುಗುಟ್ಟಲಿಲ್ಲ. ಇದು ನಮ್ಮದಲ್ಲ, ಎಂದು ಮಾತ್ರ ನೋಡಿತು. ತಾಯಿ ಒಳಗಿನಿಂದ, ಮಗಳು ಹೊರಗಿನಿಂದ, ನಾಯಿಯ ಬೆನ್ನಿನ ಮೇಲಿನಿಂದ ಮಾತಾಡಿದರು. ಅಪ್ಪ ಬಂದು, ಚಕ್ರಕ್ಕೆ ಎಣ್ಣೆ ಹಾಕ್ತಿದ್ದೀರಾ ಎಂದು ಕೇಳಿ, ಕಣ್ಣಿಗೆ ಹಿತ್ತಾಳೆಯ ಪುಡಿ ಬಿತ್ತೆಂದು ಒಳಗೆ ಹೋದ. ಮಾತು ನಿಂತಾಗ ನಾಯಿ ಹೊಸ್ತಿಲು ಇಳಿದು ಮಗಳ ಹಿಮ್ಮಡಿಗೆ ಮೂಗು ತಾಗಿಸಿತು.

ಬೇರೆ ಮಂದೆಯ ಕುರಿ ದಾರಿತಪ್ಪಿ ತನ್ನ ದೊಡ್ಡಿಗೆ ಬಂದರೆ ಬಳಸುನಾಯಿ ಅದನ್ನು ಓಡಿಸುವುದಿಲ್ಲ. ಅದರ ಒಡೆಯನ ದೊಡ್ಡಿಯವರೆಗೆ ನಡೆಸಿಕೊಂಡು ಹೋಗಿ, ಒಪ್ಪಿಸಿ ಬರುತ್ತದೆ. ಕುರಿಗಾಹಿ ಇದನ್ನು ಹೇಳಿರಲಿಲ್ಲ. ಬೆಟ್ಟದಲ್ಲಿ ಇದು ಹೇಳುವಂಥ ಮಾತೇ ಅಲ್ಲ. ತಾಯಿ ಜೊತೆಗೆ ಹೊರಟಳು. ಮೊದಲ ತಿರುವಿನಲ್ಲೇ ನಾಯಿ ಅವಳನ್ನು ಮನೆಗೆ ಮುಟ್ಟಿಸಿ ಬಂದು, ಮಗಳನ್ನು ಮತ್ತೆ ವಹಿಸಿಕೊಂಡಿತು. ಇಬ್ಬರೇ ಊರನ್ನು ದಾಟಿದರು. ನಾಯಿ ಅವಳ ಮುಖ ನೋಡಲಿಲ್ಲ. ಅವಳ ಎಡಗಾಲಿನ ಪಕ್ಕದಲ್ಲಿ, ಒಂದು ಗೇಣು ಹಿಂದೆ, ಅವಳ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಂಡು ಬಂತು. ಅವಳು ಚಕ್ರದ ವಿಷಯ, ಕೋಣೆಯ ತೇವದ ವಿಷಯ, ಗಂಡ ನಿದ್ದೆಯಲ್ಲಿ ಕೈ ತಿರುಗಿಸುವ ವಿಷಯ ಹೇಳಿದಳು. ಸೇತುವೆಯ ಬಳಿ ಗಂಡ ಬಂದು ಅವಳ ಮೊಣಕೈ ಹಿಡಿಯುವವರೆಗೆ ನಾಯಿ ಕಾದಿತ್ತು. ಹಿಡಿದ ಮೇಲೆ, ಒಪ್ಪಿಸಿದ ಸರಕನ್ನು ಮತ್ತೆ ನೋಡದೆ ಹಿಂದಿರುಗಿತು.

ಮುಂದಿನ ಸಲ ಅವಳು ತವರಿಗೆ ಹೊರಟಾಗ, ಹೋಗಿ ಏನು ಮಾಡ್ತೀಯಾ, ಒಳಗೆ ಬಿಡಲ್ಲವಲ್ಲ, ಎಂದು ಗಂಡ ಕೇಳಿದ.

"ಕರ್ಕೊಂಡು ಬರುತ್ತಲ್ಲ," ಎಂದಳು.

ಆ ದಿನ ಹಿಂದಿರುಗುವಾಗ, ಮೊದಲ ತಿರುವಿನಲ್ಲಿ ಅವಳು ನೇರ ದಾರಿಯನ್ನು ಬಿಟ್ಟು, ಮಾರುಕಟ್ಟೆಯನ್ನು ಸುತ್ತಿ ನದಿಯ ದಡ ಹಿಡಿಯುವ ಉದ್ದದ ದಾರಿಗೆ ಕಾಲಿಟ್ಟಳು. ಬೂದಿ ನಿಂತಿತು. ನೇರ ದಾರಿ ಅದಕ್ಕೆ ಗೊತ್ತಿತ್ತು. ಅದು ಆ ದಾರಿಯನ್ನು ನೋಡಿತು, ಅವಳ ಹಿಮ್ಮಡಿಯನ್ನು ನೋಡಿತು, ಮತ್ತು ಅವಳ ಎಡಕ್ಕೆ ಬಂದು ಉದ್ದದ ದಾರಿಯಲ್ಲಿ ನಡೆಯಿತು.